ಮರಳ ಮೇಲಿನ ನಾಲ್ಕು ದಿನ

‘ಮೂರು ರಾತ್ರಿ, ನಾಲ್ಕು ಹಗಲು: ಕರಾವಳಿಯನ್ನು ಅರಿಯಿರಿ’ ಎಂಬ ಧಾಟಿಯ ಜಾಹೀರಾತುಗಳು ನಮಗೆ ಹೊಸತಲ್ಲ. ಪತ್ರಿಕೆಯ ಪುಟದಲ್ಲಿ, ಬಸ್ಸಿನ ಹಿಂಬದಿಯಲ್ಲಿ, ಅಂಗೈಯ ಮೊಬೈಲಿನಲ್ಲಿ ಅವು ಕಾಣಿಸಿಕೊಳ್ಳುತ್ತವೆ. ಚಿತ್ರ ಹೆಚ್ಚುಕಡಿಮೆ ಒಂದೇ: ಬಾಗಿದ ತೆಂಗಿನಮರ, ಜನರಿಲ್ಲದ ಮರಳು, ಮುಳುಗುವ ಸೂರ್ಯ. ‘ನೋಡಿರಿ’ ಎಂದಿದ್ದರೆ ನನ್ನ ತಕರಾರೇನೂ ಇರುತ್ತಿರಲಿಲ್ಲ. ‘ವಿಶ್ರಮಿಸಿರಿ’ ಎಂದಿದ್ದರೆ ಇನ್ನೂ ಒಳ್ಳೆಯದು. ವರ್ಷವಿಡೀ ದುಡಿದು ಬಳಲಿದವನಿಗೆ ಕಡಲಗಾಳಿಯಲ್ಲಿ ನಾಲ್ಕು ದಿನ ಕುಳಿತುಕೊಳ್ಳುವ ಹಕ್ಕಿದೆ; ಏಳನೆಯ ದಿನದ ವಿಶ್ರಾಂತಿಯನ್ನು ಆಜ್ಞೆಯಾಗಿಯೇ ಪಡೆದ ಪರಂಪರೆ ನಮ್ಮದು. ನನ್ನ ಆಕ್ಷೇಪವಿರುವುದು ‘ಅರಿಯಿರಿ’ ಎಂಬ ಆ ಒಂದು ಕ್ರಿಯಾಪದದ ಬಗ್ಗೆ. ಬೈಬಲ್ಲಿನ ಹೀಬ್ರೂ ಭಾಷೆಯಲ್ಲಿ ಅರಿಯುವುದಕ್ಕೆ ‘ಯಾದಾ’ ಎಂಬ ಪದವಿದೆ. ಗಂಡಹೆಂಡಿರ ಸಾಂಗತ್ಯಕ್ಕೂ ಅದೇ ಪದ, ದೇವರೊಂದಿಗಿನ ಒಡಂಬಡಿಕೆಗೂ ಅದೇ ಪದ. ಅಷ್ಟು ಭಾರದ ಮಾತನ್ನು ಹೋಟೆಲಿನ ದರಪಟ್ಟಿಯ ಮೇಲೆ ಮುದ್ರಿಸುವಾಗ ಸ್ವಲ್ಪ ಹಿಂಜರಿಕೆಯಾದರೂ ಬೇಡವೇ?

ಈ ವಿಚಾರವನ್ನು ಕಡಲ ದಡದಲ್ಲಿ ನಿಂತು ಯೋಚಿಸುವುದಕ್ಕಿಂತ ನರಿಕೊಂಬಿನಲ್ಲಿ ಕುಳಿತು ಯೋಚಿಸುವುದು ಅನುಕೂಲ. ಬಂಟ್ವಾಳ ತಾಲೂಕಿನ ಈ ಗ್ರಾಮ ನೇತ್ರಾವತಿಯ ದಂಡೆಯಲ್ಲಿದೆ. ಕಡಲು ಇಲ್ಲಿಂದ ಸುಮಾರು ಇಪ್ಪತ್ತೈದು ಕಿಲೋಮೀಟರ್. ಬೆಂಗಳೂರಿನಿಂದ ಶಿರಾಡಿ ಘಾಟಿ ಇಳಿದು ಮಂಗಳೂರಿಗೆ ಹೋಗುವ ವಾಹನಗಳು ಕಲ್ಲಡ್ಕ, ಮೆಲ್ಕಾರ್, ಪಾಣೆಮಂಗಳೂರು ದಾಟಿ, ನದಿ ಹಾಯ್ದು ಬಿ.ಸಿ.ರೋಡ್ ಸೇರುತ್ತವೆ. ಆ ಹೆದ್ದಾರಿಯಿಂದ ನರಿಕೊಂಬು ದೂರವಲ್ಲ. ಪ್ರವಾಸಿಗರು ಕಲ್ಲಡ್ಕದಲ್ಲಿ, ಹಾಲು ಬೇರೆ ಚಹಾ ಬೇರೆಯಾಗಿ ಪದರ ನಿಲ್ಲುವ ಕೆ.ಟಿ. ಕುಡಿಯಲು ಇಳಿಯುತ್ತಾರೆ, ಲೋಟದ ಚಿತ್ರ ತೆಗೆಯುತ್ತಾರೆ, ಮುಂದೆ ಹೋಗುತ್ತಾರೆ. ಅವರ ಲೆಕ್ಕದಲ್ಲಿ ಇದು ಬರೀ ದಾರಿ. ಊರು ಇನ್ನೂ ಬಂದಿಲ್ಲ. ಊರು ಬರುವುದು ಪಣಂಬೂರಿನಲ್ಲಿ, ತಣ್ಣೀರುಬಾವಿಯಲ್ಲಿ, ಸೋಮೇಶ್ವರದಲ್ಲಿ, ಇಲ್ಲವೇ ಮಲ್ಪೆಯಲ್ಲಿ. ಅಡಿಕೆ ಒಣಗುವ ಅಂಗಳ, ಸೂಪು ಮಡಿಲಲ್ಲಿಟ್ಟು ಬೀಡಿ ಕಟ್ಟುತ್ತ ಕುಳಿತ ಹೆಂಗಸರ ಜಗಲಿ, ಗಲ್ಫಿನ ಹಣದಿಂದ ಎದ್ದ ತಾರಸಿ ಮನೆ, ಇವೆಲ್ಲ ಕಿಟಕಿಯಾಚೆ ಓಡಿಹೋಗುವ ಹಸಿರಿನೊಳಗೆ ಸೇರಿಹೋಗುತ್ತವೆ.

ಆದರೆ ಆ ದಾರಿಯೇ ಕಡಲ ದಡವನ್ನು ಕಟ್ಟಿದ್ದು ಎಂಬುದನ್ನು ಗಮನಿಸಬೇಕು. ನೇತ್ರಾವತಿ ಕುದುರೆಮುಖದ ಬೆಟ್ಟಸಾಲಿನಲ್ಲಿ ಹುಟ್ಟಿ, ಉಪ್ಪಿನಂಗಡಿಯಲ್ಲಿ ಕುಮಾರಧಾರೆಯನ್ನು ಕೂಡಿಕೊಂಡು, ಬಂಟ್ವಾಳವನ್ನು ಹಾದು, ಮಂಗಳೂರು ಮತ್ತು ಉಳ್ಳಾಲದ ನಡುವೆ ಕಡಲಿಗೆ ಬೀಳುತ್ತದೆ. ಘಟ್ಟದ ಬಂಡೆಗಳನ್ನು ತೇಯ್ದು ಅದು ಹೊತ್ತು ತರುವ ಮರಳು ನರಿಕೊಂಬಿನ ಮುಂದೆಯೇ ಹರಿದು ಹೋಗಿ ಅಲ್ಲಿ ದಡವಾಗುತ್ತದೆ. ಮಂಗಳೂರಿನ ಹೋಟೆಲಿನ ಕೋಣೆಯಲ್ಲಿ ಪ್ರವಾಸಿಗ ತಿರುಗಿಸುವ ನಲ್ಲಿಯ ನೀರು ತುಂಬೆಯ ಅಣೆಕಟ್ಟೆಯಿಂದ ಬರುತ್ತದೆ. ಅದೂ ಇದೇ ನದಿ, ಇದೇ ತಾಲೂಕು. ಆತ ನಿಂತ ನೆಲವೂ ಮೀಯುವ ನೀರೂ ತಾನು ನೋಡದೆ ದಾಟಿಬಂದ ಊರುಗಳವು. ಎತ್ತಿನಹೊಳೆ ಯೋಜನೆಗೆ 2014ರಲ್ಲಿ ಶಂಕುಸ್ಥಾಪನೆಯಾದಾಗ, 2024ರಲ್ಲಿ ಅದರ ಮೊದಲ ಹಂತ ಉದ್ಘಾಟನೆಯಾದಾಗ, ಈ ನದಿಯ ಉಪನದಿಗಳ ನೀರು ಪೂರ್ವಕ್ಕೆ ತಿರುಗುವುದೆಂದು ಇಲ್ಲಿನ ಜನ ಯಾಕೆ ಕಳವಳಗೊಂಡರೆಂಬುದು ಮರಳ ಮೇಲೆ ಮಲಗಿದವನಿಗೆ ಹೇಗೆ ತಿಳಿದೀತು? ಕಳವಳ ಸರಿಯೇ ತಪ್ಪೇ ಎಂಬುದು ಬೇರೆ ಚರ್ಚೆ. ಅಂಥದೊಂದು ಪ್ರಶ್ನೆ ಇದೆ ಎಂಬುದೇ ದಡದಿಂದ ಕಾಣಿಸುವುದಿಲ್ಲ.

ಜಾಹೀರಾತಿನ ಚಿತ್ರದಲ್ಲಿ ಮರಳು ಖಾಲಿಯಾಗಿರುತ್ತದೆ ಎಂದೆನಷ್ಟೆ. ಆ ಖಾಲಿತನಕ್ಕೂ ಒಂದು ಚರಿತ್ರೆಯಿದೆ. 1970ರ ದಶಕದವರೆಗೆ ನಮ್ಮ ಕಡಲತೀರ ಒಂದು ದುಡಿಮೆಯ ಅಂಗಳವಾಗಿತ್ತು. ರಂಪಣಿ ಎಂಬ ಬೃಹತ್ ಬಲೆಯನ್ನು ದೋಣಿಯಲ್ಲಿ ಒಯ್ದು, ಕಡಲಿನಲ್ಲಿ ಅರ್ಧಚಂದ್ರಾಕಾರವಾಗಿ ಬಿಟ್ಟು, ಎರಡು ತುದಿಗಳ ಹಗ್ಗವನ್ನು ದಡದಲ್ಲಿ ನಿಂತ ಹತ್ತಾರು ಮಂದಿ ಒಟ್ಟಿಗೆ ಎಳೆಯುತ್ತಿದ್ದರು. ಬಂಗುಡೆ, ಬೂತಾಯಿ ಮರಳ ಮೇಲೆ ರಾಶಿ ಬೀಳುತ್ತಿತ್ತು, ಎಳೆದವರಿಗೆಲ್ಲ ಪಾಲಿರುತ್ತಿತ್ತು. ಆ ದಶಕದ ಕೊನೆಗೆ ಪರ್ಸೀನ್ ಬೋಟುಗಳು ಬಂದವು. ಮೀನು ಕಡಲಿನಲ್ಲಿಯೇ ಬಲೆಗೆ ಬಿದ್ದು, ನೇರವಾಗಿ ಮಂಗಳೂರಿನ ಧಕ್ಕೆಗೂ ಮಲ್ಪೆಯ ಬಂದರಿಗೂ ಹೋಗತೊಡಗಿತು. ರಂಪಣಿ ಮೂಲೆ ಸೇರಿತು. ಇಂದು ಉಳಿದಿರುವುದು ಅಲ್ಲಲ್ಲಿ ಎಳೆಯುವ ಸಣ್ಣ ಕೈರಂಪಣಿ. ದಡ ಖಾಲಿಯಾಯಿತು. ಆ ತೆರವಾದ ಜಾಗಕ್ಕೆ ಕುರ್ಚಿ, ಕೊಡೆ, ಚುರುಮುರಿಯ ಗಾಡಿ ಬಂದವು. ಮೊಗವೀರರು ಕೆಲಸ ಮಾಡುತ್ತಿದ್ದ ಜಾಗವನ್ನು ‘ಯಾರೂ ಮುಟ್ಟದ ನಿಸರ್ಗ’ ಎಂದು ಕರೆಯುವುದು ಅಜ್ಞಾನವೇ ಹೊರತು ಅರಿವಲ್ಲ. ಉಳ್ಳಾಲದಲ್ಲಿ ಜನ ಕುಳಿತು ಚಿತ್ರ ತೆಗೆಸಿಕೊಳ್ಳುವ ಬಂಡೆಗಳ ಸಾಲೂ ಅಂಥದೇ. ಅದು ಕಡಲ್ಕೊರೆತಕ್ಕೆ ಮನೆ ಕಳೆದುಕೊಂಡವರ ನೆರೆಯಲ್ಲಿ, ಉಳಿದ ಮನೆಗಳನ್ನು ಉಳಿಸಿಕೊಳ್ಳಲು ಹಾಕಿದ ತಡೆಗೋಡೆ.

ಸ್ವಚ್ಛತೆ ಬೇಡವೆಂದು ಯಾರೂ ಹೇಳಲಾರರು. 2020ರಲ್ಲಿ ಪಡುಬಿದ್ರಿಗೂ ಹೊನ್ನಾವರದ ಬಳಿಯ ಕಾಸರಕೋಡಿಗೂ ‘ಬ್ಲೂ ಫ್ಲ್ಯಾಗ್’ ಮನ್ನಣೆ ದೊರೆತಾಗ ನಾವೆಲ್ಲ ಹೆಮ್ಮೆಪಟ್ಟೆವು. ನೀರಿನ ಗುಣಮಟ್ಟ, ಸುರಕ್ಷತೆ, ಶೌಚಾಲಯ ಎಲ್ಲವನ್ನೂ ಅಳೆದು ಕೊಡುವ ಬಾವುಟವದು. ಆದರೆ ಅಳೆಯುವುದು ಬಂದವನ ಅನುಕೂಲವನ್ನು, ಇದ್ದವನ ಬದುಕನ್ನಲ್ಲ ಎಂಬುದೂ ನೆನಪಿರಲಿ.

ಇನ್ನು ಮಳೆ. ನನ್ನ ಮಟ್ಟಿಗೆ ಇದೇ ಎಲ್ಲಕ್ಕಿಂತ ದೊಡ್ಡ ಮಾತು. ಕಡಲತೀರದ ಪ್ರವಾಸಕ್ಕೆ ಒಂದು ಋತುವಿದೆ. ಅದು ಅಕ್ಟೋಬರಿನಿಂದ ಮೇ ತಿಂಗಳವರೆಗೆ. ಜೂನ್ ಬಂದೊಡನೆ ಕಡಲಿಗೆ ಇಳಿಯಬಾರದೆಂಬ ಫಲಕಗಳು ಏಳುತ್ತವೆ, ದೋಣಿವಿಹಾರ ನಿಲ್ಲುತ್ತದೆ. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ಮೀನುಗಾರಿಕೆಗೂ ನಿಷೇಧ. ದಕ್ಷಿಣ ಕನ್ನಡದಲ್ಲಿ ವರ್ಷಕ್ಕೆ ಸುಮಾರು 4000 ಮಿಲಿಮೀಟರ್ ಮಳೆಯಾಗುತ್ತದೆ. ಅದರ ಬಹುಪಾಲು ಈ ನಾಲ್ಕು ತಿಂಗಳಲ್ಲೇ. ಅಂದರೆ ಪ್ರವಾಸಿಗ ಕಾಣುವುದು ಮಳೆಯನ್ನು ಕಳೆದ ಕರಾವಳಿಯನ್ನು. ಹಿಮವನ್ನು ಕಳೆದರೆ ರಷ್ಯಾ ಎಷ್ಟು ಉಳಿದೀತೋ ಅಷ್ಟೇ ಇದು. ನಮ್ಮ ಮನೆಯ ಮಾಡು ಹೀಗೇಕೆ ಇಳಿಜಾರು, ಜಗಲಿ ಯಾಕೆ ಅಷ್ಟು ಎತ್ತರ, ಹಪ್ಪಳ ಸಂಡಿಗೆ ಉಪ್ಪಿನಕಾಯಿಗಳಿಗೆ ಮೇ ತಿಂಗಳಲ್ಲಿ ಯಾಕಷ್ಟು ಗಡಿಬಿಡಿ, ಒಣಮೀನು ಯಾಕೆ ಅಷ್ಟು ಅಮೂಲ್ಯ, ಎಲ್ಲಕ್ಕೂ ಉತ್ತರ ಮಳೆಯಲ್ಲಿದೆ. ನೇತ್ರಾವತಿಯ ತಟದ ಹಿರಿಯರು ಕಾಲವನ್ನು ಅಳೆಯುವುದೇ ನೆರೆಯಿಂದ. 1923ರ ‘ಮಾರಿಬೊಳ್ಳ’ವನ್ನು ಕಂಡವರು ಈಗಿಲ್ಲ; 1974ರ ನೆರೆಯನ್ನು ಕಂಡವರು ಇದ್ದಾರೆ. ಬಂಟ್ವಾಳ, ಪಾಣೆಮಂಗಳೂರು ಪೇಟೆಗಳಲ್ಲಿ ನೀರು ಎಲ್ಲಿಯವರೆಗೆ ಬಂದಿತ್ತೆಂದು ಅವರು ಗೋಡೆ ತೋರಿಸಿ ಹೇಳಬಲ್ಲರು.

ಆಟಿ ತಿಂಗಳು ಬರುವುದೂ ಈ ಮಳೆಯ ನಡುವೆಯೇ. ಕಣಜ ಬರಿದಾಗಿ, ಕೆಲಸವೂ ಇಲ್ಲದೆ, ಜನ ಕೆಸುವಿನೆಲೆ, ತಜಂಕ್, ಹಲಸಿನ ಬೀಜ ತಿಂದು ದಿನ ದೂಡುತ್ತಿದ್ದ ಕಾಲವದು. ಅಮಾವಾಸ್ಯೆಯ ಬೆಳಿಗ್ಗೆ ಕುಡಿಯುವ ಪಾಲೆ ಮರದ ಕಷಾಯ ಇಂದಿಗೂ ಅಷ್ಟೇ ಕಹಿ. ಈಗ ನಾವೇ ‘ಆಟಿಡೊಂಜಿ ದಿನ’ ಎಂದು ಸಭಾಂಗಣದಲ್ಲಿ ಇಪ್ಪತ್ತು ಬಗೆಯ ತಿನಿಸು ಸಾಲಾಗಿಟ್ಟು ಹಬ್ಬ ಮಾಡುತ್ತೇವೆ. ಹಸಿವಿನ ತಿಂಗಳು ಬಫೆ ಆಯಿತು! ಸೆಪ್ಟೆಂಬರ್ 8ರ ಮೊಂತಿ ಹಬ್ಬದಲ್ಲಿ ಮಕ್ಕಳು ಮಾತೆ ಮರಿಯಮ್ಮನವರಿಗೆ ಹೂ ಹಾಕುವುದು, ಹೊಸ ತೆನೆಯನ್ನು ಆಶೀರ್ವದಿಸಿ ಮನೆಗೆ ಒಯ್ದು ಹಾಲು ಪಾಯಸದಲ್ಲಿ ಹಂಚಿಕೊಳ್ಳುವುದು ಈ ಹಸಿವು ಮುಗಿಯಿತೆಂಬ ಸಮಾಧಾನದಲ್ಲಿ. ಫರಂಗಿಪೇಟೆಯ ಮೊಂತಿ ಮರಿಯಾನೊ ಬೆಟ್ಟದೊಂದಿಗೆ ಬೆಸೆದುಕೊಂಡಿರುವ ಈ ಹಬ್ಬವನ್ನು ಪ್ರವಾಸಿ ಋತು ಶುರುವಾಗುವ ಮುನ್ನವೇ ನಾವು ಆಚರಿಸಿ ಮುಗಿಸಿರುತ್ತೇವೆ.

ಹಾಗಾದರೆ ಹೊರಗಿನಿಂದ ಬಂದವನು ನಾಡನ್ನು ಅರಿಯಲಾರನೇ? ಇಲ್ಲವೆನ್ನುವುದು ದುರಹಂಕಾರವಾದೀತು. ನಮ್ಮ ಕರಾವಳಿಗೆ ಬಂದ ಇಬ್ಬರು ಹಳೆಯ ಪ್ರವಾಸಿಗರನ್ನು ಪಕ್ಕಪಕ್ಕದಲ್ಲಿಟ್ಟು ನೋಡಬಹುದು.

ಮೊದಲನೆಯವನು ರೋಮಿನ ಪಿಯೆತ್ರೊ ದೆಲ್ಲಾ ವಾಲ್ಲೆ. ತನ್ನನ್ನು ‘ಯಾತ್ರಿಕ’ನೆಂದೇ ಕರೆದುಕೊಂಡವನು. ಬಾಗ್ದಾದಿನಲ್ಲಿ ವರಿಸಿದ ಕ್ರೈಸ್ತ ಹೆಣ್ಣು ಮಾನಿ ಪರ್ಷಿಯಾದಲ್ಲಿ ತೀರಿಕೊಂಡಾಗ ಅವಳ ದೇಹವನ್ನು ಕೆಡದಂತೆ ಸಂಸ್ಕರಿಸಿ, ವರ್ಷಗಟ್ಟಲೆ ಹೊತ್ತು ತಿರುಗಿ, ಕೊನೆಗೆ ರೋಮಿನಲ್ಲಿ ಸಮಾಧಿ ಮಾಡಿದವನು. 1623ರಲ್ಲಿ ಆತ ಗೋವೆಯಿಂದ ಹೊನ್ನಾವರಕ್ಕೆ ಬಂದು, ಘಟ್ಟ ಹತ್ತಿ ಇಕ್ಕೇರಿಗೆ ಹೋಗಿ, ಮತ್ತೆ ಇಳಿದು ಮಂಗಳೂರು ಸೇರಿದ. ಘಟ್ಟದ ದಾರಿಯಲ್ಲಿ ಒಂದು ದೇವಸ್ಥಾನದ ಜಗಲಿಯ ಮೇಲೆ ನಾಲ್ವರು ಹುಡುಗರು ಲೆಕ್ಕ ಕಲಿಯುತ್ತಿದ್ದುದನ್ನು ಕಂಡ. ನೆಲದ ಮೇಲೆ ಸಣ್ಣ ಮರಳು ಹರಡಿ, ಒಬ್ಬ ರಾಗವಾಗಿ ಹೇಳುತ್ತಿದ್ದಂತೆ ಎಲ್ಲರೂ ಬೆರಳಿನಿಂದ ಬರೆಯುತ್ತಿದ್ದರು. ನೆಲ ತುಂಬಿದರೆ ಮತ್ತೆ ಮರಳು ಚೆಲ್ಲುತ್ತಿದ್ದರು. ಇವನು ಸುಮ್ಮನೆ ನೋಡಿ ಹೋಗಲಿಲ್ಲ. ಗುರುವಿಲ್ಲದೆ ಓದುವಾಗ ಮರೆತರೆ ತಿದ್ದುವವರಾರು ಎಂದು ಕೇಳಿದ. ನಾಲ್ವರೂ ಒಟ್ಟಿಗೆ ಮರೆಯುವುದು ಸಾಧ್ಯವಿಲ್ಲವಷ್ಟೆ ಎಂದು ಹುಡುಗರು ಉತ್ತರ ಕೊಟ್ಟರು. ಮೆಚ್ಚಿ ಬರೆದಿಟ್ಟ. ಅದೇ ವರ್ಷದ ಡಿಸೆಂಬರಿನಲ್ಲಿ ಉಳ್ಳಾಲದ ರಾಣಿಯನ್ನು ಕಂಡದ್ದೂ ಹೀಗೆಯೇ. ಆಕೆಯನ್ನು ಅರಮನೆಯಲ್ಲಿ ಕಾಣಲು ಕಾದು ಕೂರದೆ ಇದ್ದಲ್ಲಿಗೆ ಹೋದ. ನೀರಿಗಾಗಿ ತೋಡಿಸುತ್ತಿದ್ದ ಕಾಲುವೆಗಳನ್ನು ನೋಡಲು ಆಕೆ ಬರಿಗಾಲಿನಲ್ಲಿ, ತಾಳೆಗರಿಯ ಕೊಡೆಯ ಕೆಳಗೆ, ಕೆಲವೇ ಆಳುಗಳೊಂದಿಗೆ ನಡೆದು ಬರುತ್ತಿದ್ದಳು. ಅಡುಗೆಮನೆಯ ಹೆಂಗಸಿನಂತೆ ಕಂಡಳೆಂದು ಬರೆಯುವಷ್ಟು ಯುರೋಪಿನ ಬಿಂಕ ಅವನಲ್ಲಿತ್ತು. ಮಾತು ಕೇಳಿದ ಮೇಲೆ ರಾಣಿಯ ಘನತೆಯನ್ನು ಒಪ್ಪುವಷ್ಟು ಪ್ರಾಮಾಣಿಕತೆಯೂ ಇತ್ತು. ನನಗೆ ಮುಖ್ಯವಾಗಿ ಕಾಣುವುದು ಇನ್ನೊಂದು ಸಂಗತಿ: ಅಲ್ಲಿ ಪ್ರಶ್ನೆ ಕೇಳಿದವಳು ರಾಣಿ. ಯಾವ ದೇಶದವನು, ಎಲ್ಲೆಲ್ಲಿ ಸುತ್ತಿದವನು ಎಂದು ಅವಳು ಕೇಳಿದಳು, ಅವನು ದಾರಿಯಲ್ಲಿ ನಿಂತು ಉತ್ತರಿಸಿದ.

ಎರಡನೆಯವನು ಫ್ರಾನ್ಸಿಸ್ ಬುಕಾನನ್. ಗವರ್ನರ್ ಜನರಲ್ ವೆಲ್ಲೆಸ್ಲಿಯ ಆದೇಶದಂತೆ 1800ರಲ್ಲಿ ಮದರಾಸಿನಿಂದ ಹೊರಟ ಈ ವೈದ್ಯ 1801ರ ಆರಂಭದಲ್ಲಿ ನಮ್ಮ ಜಿಲ್ಲೆಗೆ ಬಂದ. ಮಂಗಳೂರಿನಿಂದ ಫರಂಗಿಪೇಟೆ, ಬಂಟ್ವಾಳ, ಬೆಳ್ತಂಗಡಿ, ವೇಣೂರು, ಮೂಡುಬಿದಿರೆ, ಕಾರ್ಕಳ: ಇಂದು ಯಾವ ಪ್ರವಾಸಿಗನೂ ಹಿಡಿಯದ ಒಳದಾರಿ. ನೇತ್ರಾವತಿಯ ಈ ಕಣಿವೆಯಲ್ಲೇ ಡೇರೆ ಹೂಡಿ ಮಲಗಿದವನು. 1807ರಲ್ಲಿ ಲಂಡನ್ನಿನಲ್ಲಿ ಮೂರು ಸಂಪುಟಗಳಾಗಿ ಬಂದ ಅವನ ಗ್ರಂಥದಲ್ಲಿ ಬಿತ್ತನೆಯ ಪ್ರಮಾಣ, ಗೇಣಿ, ಕೂಲಿ, ಜಾತಿಗಳ ವಿವರ, ಮರಗಿಡಗಳ ಹೆಸರು ಎಲ್ಲವೂ ಇದೆ. ಟಿಪ್ಪುವಿನ ಸೆರೆಯಿಂದ ನಮ್ಮ ಪೂರ್ವಜರು ಮರಳಿ ಎರಡು ವರ್ಷವೂ ತುಂಬಿರದ ಆ ಹೊತ್ತಿನಲ್ಲಿ ಫರಂಗಿಪೇಟೆಯ ಹಾಳನ್ನೂ ಆತ ದಾಖಲಿಸಿದ್ದಾನೆ. ನಮ್ಮ ಚರಿತ್ರೆ ಬರೆಯುವವರೆಲ್ಲ ಅವನಿಗೆ ಋಣಿಗಳು. ಆದರೂ ಓದಿದಾಗ ಒಂದು ಚಳಿ ಉಳಿಯುತ್ತದೆ. ಆತ ಕೇಳುವುದೆಲ್ಲ ಕಂಪನಿಯ ಪ್ರಶ್ನೆ: ಈ ನೆಲ ಏನು ಕೊಡುತ್ತದೆ, ಇನ್ನೆಷ್ಟು ಕೊಟ್ಟೀತು? ಉತ್ತರ ಕೊಟ್ಟ ರೈತನ ಮುಖ ಆ ಸಾವಿರಾರು ಸಾಲುಗಳಲ್ಲಿ ಕಾಣಸಿಗುವುದು ಅಪರೂಪ. ಅವನನ್ನು ತಿರುಗಿ ಪ್ರಶ್ನಿಸುವ ಧೈರ್ಯ ಯಾರಿಗಿದ್ದೀತು?

ಆದ್ದರಿಂದ ಕಡಲಿಗೆ ಬೆನ್ನು ಹಾಕಿ ಒಳನಾಡಿಗೆ ಬಂದ ಮಾತ್ರಕ್ಕೆ ಅರಿವು ದಕ್ಕುತ್ತದೆಂದು ಹೇಳುವಂತಿಲ್ಲ. ಎಷ್ಟು ದಿನ ಇದ್ದೆ, ಎಷ್ಟು ಒಳಗೆ ಹೋದೆ ಎಂಬುದಕ್ಕಿಂತ, ಇಲ್ಲಿನವರು ನಿನ್ನನ್ನು ಕೇಳಬಹುದಾದ, ತಿದ್ದಬಹುದಾದ ಸ್ಥಿತಿಯಲ್ಲಿ ನೀನಿದ್ದೆಯಾ ಎಂಬುದೇ ಒರೆಗಲ್ಲು. ಕಡಲತೀರದ ರಜೆಯ ದೋಷವಿರುವುದು ಇಲ್ಲಿಯೇ. ಅದನ್ನು ಮಾರುವುದೇ ‘ನಿಮಗೆ ಯಾರ ಹಂಗೂ ಇಲ್ಲ’ ಎಂಬ ಭರವಸೆಯ ಮೇಲೆ. ಊಟ ಕೋಣೆಗೆ ಬರುತ್ತದೆ, ವಾಹನ ಬಾಗಿಲಿಗೆ ಬರುತ್ತದೆ, ಭಾಷೆ ಬೇಕಾಗಿಲ್ಲ. ಎದುರಾಗುವ ಸ್ಥಳೀಯರೆಲ್ಲ ಸಂಬಳಕ್ಕೆ ನಗುವವರು. ಅತಿಥಿಯನ್ನು ತಿದ್ದುವ ಅಧಿಕಾರ ಅವರಿಗಿಲ್ಲ. ಬಾಯಾರಿ ಒಂದು ಮನೆಯ ಅಂಗಳಕ್ಕೆ ಹೋದರೆ ಬೆಲ್ಲ ನೀರು ಕೊಡುವ ಮೊದಲೇ ‘ಎಲ್ಲಿಂದಾಯಿತು? ಯಾರ ಮನೆಗೆ?’ ಎಂದು ಕೇಳುತ್ತಾರಲ್ಲ, ಆ ಎರಡು ಪ್ರಶ್ನೆಗಳಿಂದ ಹಣ ಕೊಟ್ಟು ತಪ್ಪಿಸಿಕೊಂಡವನು ಅವನು.

ಈ ಬಗೆಯ ನೋಟ ಈಗ ಕಡಲಿನಿಂದ ಮೇಲಕ್ಕೆ ಬರುತ್ತಿದೆ ಎಂಬುದೇ ನನ್ನ ಆತಂಕ. 2022ರಲ್ಲಿ ‘ಕಾಂತಾರ’ ಚಲನಚಿತ್ರ ಬಂದ ಮೇಲೆ ಕೋಲ, ನೇಮಗಳನ್ನು ‘ನೋಡಲು’ ಬರುವವರು ಹೆಚ್ಚಿದ್ದಾರೆ. ದೈವದ ಬಣ್ಣ, ಬೆಂಕಿ, ಕುಣಿತ ಅವರಿಗೆ ಬೇಕು. ದೈವದ ಮುಂದೆ ನಿಂತು ಜಾಗದ ತಕರಾರು, ಅಣ್ಣತಮ್ಮಂದಿರ ಮನಸ್ತಾಪ ಹೇಳಿಕೊಳ್ಳುವ ಕುಟುಂಬದ ಮಾತು ಅವರಿಗೆ ಕೇಳಿಸುವುದಿಲ್ಲ. ಕೇಳಿಸಿದರೂ ಅದು ತುಳುವಿನಲ್ಲಿ. ನನ್ನ ನಂಬಿಕೆ ಬೇರೆ. ಆದರೂ ನೆರೆಯವರು ಭಯಭಕ್ತಿಯಿಂದ ನಿಲ್ಲುವ ಜಾಗದಲ್ಲಿ ಕ್ಯಾಮೆರಾ ಹಿಡಿದು ನುಗ್ಗುವುದು ಅವರಿಗಾಗುವ ಅವಮಾನವೆಂದು ತಿಳಿಯಲು ನಂಬಿಕೆ ಒಂದೇ ಆಗಿರಬೇಕಾಗಿಲ್ಲ. ಮೂಡುಬಿದಿರೆಯದೂ ಅದೇ ಕತೆ. 1430ರ ಸಾವಿರ ಕಂಬದ ಬಸದಿಗೆ ಅರ್ಧ ಗಂಟೆ, ಕಂಬ ಎಣಿಸುವ ಹಾಸ್ಯ, ಬಸ್ಸು ಹೊರಟಿತು. ಉಳ್ಳಾಲದ ಆ ರಾಣಿಯ ಚೌಟ ವಂಶದ ಅರಮನೆ, ನವನಾರೀಕುಂಜರದ ಕೆತ್ತನೆಯ ಮರದ ಕಂಬಗಳೊಂದಿಗೆ, ಅದೇ ಊರಿನಲ್ಲಿದೆ. ಕಡಲೂ ಒಳನಾಡೂ ಒಂದೇ ಮನೆಯ ಎರಡು ಜಗಲಿಗಳಾಗಿದ್ದವೆಂಬುದಕ್ಕೆ ಅದಕ್ಕಿಂತ ಸಾಕ್ಷಿ ಬೇಕಿಲ್ಲ. ಬಸ್ಸಿನವರಿಗೆ ಅಷ್ಟು ಪುರುಸೊತ್ತಿರುವುದಿಲ್ಲ.

ಹೊರಗಿನವರನ್ನು ಮಾತ್ರ ದೂರಿದರೆ ನ್ಯಾಯವಾಗದು. ನಮ್ಮ ಧರ್ಮಕೇಂದ್ರಗಳ ಯುವದಂಪತಿಗಳೂ ಈಗ ಬಾಲಿಗೆ, ಫುಕೆಟ್‌ಗೆ, ಮಾಲ್ಡೀವ್ಸ್‌ಗೆ ಹೋಗಿ ಬರುತ್ತಾರೆ. ಬಂದವರನ್ನು ವಿಚಾರಿಸಿದರೆ ‘ದೇಶ ಬಹಳ ಚೆನ್ನಾಗಿದೆ ಫಾದರ್, ಜನರೂ ತುಂಬಾ ಒಳ್ಳೆಯವರು’ ಎನ್ನುತ್ತಾರೆ. ಸಂತೋಷವೇ. ಜನ ಅಲ್ಲಿ ಯಾವ ಅನ್ನ ಉಣ್ಣುತ್ತಾರೆ, ಯಾವುದಕ್ಕೆ ಅಳುತ್ತಾರೆ ಎಂದು ಕೇಳಿದರೆ ಮಾತು ಮುಂದುವರಿಯುವುದಿಲ್ಲ. ಇಪ್ಪತ್ತೈದು ಕಿಲೋಮೀಟರ್ ದೂರದ ಕಡಲಿಗೆ ಭಾನುವಾರ ಸಂಜೆ ಹೋಗಿ ಚುರುಮುರಿ ತಿಂದು ಬರುವ ನಮಗೂ, ಮೊಗವೀರರ ಕೇರಿಯಲ್ಲಿ ಎರಡು ತಿಂಗಳ ನಿಷೇಧದ ಕಾಲ ಹೇಗೆ ಕಳೆಯುತ್ತದೆಂದು ಗೊತ್ತಿದೆಯೇ? ಶಿವರಾಮ ಕಾರಂತರ ‘ಮರಳಿ ಮಣ್ಣಿಗೆ’ಯನ್ನು ಓದಿದವರಿಗೆ ಸ್ವಲ್ಪ ಗೊತ್ತಿದ್ದೀತು. ಅಲ್ಲಿ ಕಡಲು ನೋಟದ ವಸ್ತುವಲ್ಲ. ಮೂರು ತಲೆಮಾರಿನ ಮನೆಯೊಂದರ ಬೆನ್ನಿಗೇ ಇದ್ದು ಕೊಡುತ್ತಲೂ ಕಸಿಯುತ್ತಲೂ ಇರುವ ನೆರೆಯವನು.

ಇದಕ್ಕೆ ವಿರುದ್ಧವಾದ ಇನ್ನೊಂದು ಬಗೆಯ ಪ್ರಯಾಣಿಕರು ನಮ್ಮ ನಡುವೆಯೇ ಇದ್ದಾರೆ. ಅವರನ್ನು ಯಾರೂ ಪ್ರವಾಸಿಗರೆಂದು ಕರೆಯುವುದಿಲ್ಲ. 1970ರ ದಶಕದಿಂದ ನರಿಕೊಂಬಿನಂಥ ಊರುಗಳ ಗಂಡಸರು, ಹೆಂಗಸರು ಕುವೈತ್, ದುಬೈ, ಮಸ್ಕತ್, ಸೌದಿಗಳಲ್ಲಿ ಅಡುಗೆ ಮಾಡಿದ್ದಾರೆ, ವಾಹನ ಓಡಿಸಿದ್ದಾರೆ, ಮಕ್ಕಳನ್ನು ನೋಡಿಕೊಂಡಿದ್ದಾರೆ, ದಾದಿಯರಾಗಿ ದುಡಿದಿದ್ದಾರೆ. ಅಲ್ಲಿನ ಕಡಲನ್ನು ಅವರು ನೋಡಿದ್ದು ಬಹುಶಃ ರಜೆಯ ಒಂದು ಸಂಜೆ. ಆದರೆ ಆ ದೇಶದ ಬೇಸಿಗೆ ಅವರ ಮೈಗೆ ಗೊತ್ತು. ಠಾಣೆ, ಆಸ್ಪತ್ರೆ, ವೀಸಾ ಕಚೇರಿಯ ಸಾಲು ಗೊತ್ತು. ಯಜಮಾನನ ಕೋಪವೂ ಅವನ ಮುದಿ ತಾಯಿಯ ಪ್ರೀತಿಯೂ ಗೊತ್ತು. 1990ರ ಆಗಸ್ಟಿನಲ್ಲಿ ಇರಾಕ್ ಸೈನ್ಯ ಕುವೈತನ್ನು ಆಕ್ರಮಿಸಿದಾಗ, ಮರುಭೂಮಿ ದಾಟಿ ಅಮ್ಮಾನ್ ಸೇರಿ ವಿಮಾನವೇರಿದ ಲಕ್ಷಕ್ಕೂ ಮಿಕ್ಕ ಭಾರತೀಯರಲ್ಲಿ ನಮ್ಮ ಜಿಲ್ಲೆಯವರೂ ಬಹಳ ಮಂದಿ ಇದ್ದರು. ಒಂದು ದೇಶ ಒಂದೇ ರಾತ್ರಿಯಲ್ಲಿ ಕುಸಿಯುವುದನ್ನು ಕಂಡವರವರು. ಕನ್ನಡದ ಪ್ರವಾಸಸಾಹಿತ್ಯದ ಕಪಾಟು ದೊಡ್ಡದು. ಗೊರೂರರ ‘ಅಮೆರಿಕದಲ್ಲಿ ಗೊರೂರು’ ಕೇಂದ್ರ ಸಾಹಿತ್ಯ ಅಕಾಡೆಮಿಯ ಗೌರವ ಪಡೆದ ಕೃತಿ. ಆ ಕಪಾಟಿನಲ್ಲಿ ಕುವೈತಿನ ಅಡುಗೆಮನೆಯಲ್ಲಿ ಇಪ್ಪತ್ತು ವರ್ಷ ನಿಂತ ಹೆಣ್ಣುಮಗಳ ಪುಸ್ತಕಕ್ಕೆ ಜಾಗ ಇನ್ನೂ ಖಾಲಿಯೇ ಇದೆ. ಅವರು ಬರೆಯಲಿಲ್ಲವೆಂದಲ್ಲ, ಯಾರೂ ಕೇಳಲಿಲ್ಲ. ನಮ್ಮ ಧರ್ಮಕೇಂದ್ರಗಳ ಪತ್ರಿಕೆಗಳು, ಶ್ರೀಸಾಮಾನ್ಯರ ಸಂಘಗಳು ಈ ಕೆಲಸವನ್ನು ಕೈಗೆತ್ತಿಕೊಳ್ಳಬಾರದೇಕೆ? ಎಪ್ಪತ್ತು ದಾಟಿದವರು ಇನ್ನೆಷ್ಟು ಕಾಲ ಹೇಳಲು ಉಳಿದಿರುತ್ತಾರೆ?

ದೂರದ ಊರಿನ ಪರಿಚಿತರು ಕೆಲವರು, ಕರಾವಳಿಗೆ ಬಂದರೆ ಏನು ನೋಡಬೇಕೆಂದು ನನ್ನನ್ನು ಕೇಳುವುದುಂಟು. ಜುಲೈಯಲ್ಲಿ ಬನ್ನಿ ಎನ್ನುತ್ತೇನೆ. ಅರ್ಧದಷ್ಟು ಜನ ಅಲ್ಲಿಗೇ ಮಾತು ನಿಲ್ಲಿಸುತ್ತಾರೆ. ಉಳಿದವರಿಗೆ ಹೇಳುವುದಿಷ್ಟು: ಕೊಡೆ ತನ್ನಿ, ಕಾರು ಬೇಡ. ಮಂಗಳೂರಿನ ಸ್ಟೇಟ್‌ಬ್ಯಾಂಕಿನಲ್ಲಿ ಬಿ.ಸಿ.ರೋಡಿನ ಬಸ್ಸು ಹತ್ತಿ. ಎಡಬಿಡದೆ ಮಳೆ ಹೊಯ್ಯುವಾಗ ಬಸ್ಸಿನ ಕಿಟಕಿಗಳಿಗೆ ಟರ್ಪಾಲು ಇಳಿಬಿಟ್ಟಿರುತ್ತಾರೆ, ಹೊರಗೆ ಏನೂ ಕಾಣಿಸುವುದಿಲ್ಲ. ಪಕ್ಕದಲ್ಲಿ ಕುಳಿತವರು ಎಲ್ಲಿಗೆ ಹೊರಟಿರಿ ಎಂದು ಕೇಳಿಯೇ ಕೇಳುತ್ತಾರೆ.